ಮಾತಿಲ್ಲದ ಮನುಷ್ಯನ ಪಾತ್ರದಲ್ಲಿ ನಾನು

ಮೊದಲೇ ಸ್ಪಷ್ಟಪಡಿಸುತ್ತೇನೆ. ನಮ್ಮೂರಿನ ಕಲ್ಬಂಡೆ ಗುಡ್ಡಕ್ಕೆ ಕಲ್ಲುಕ್ವಾರಿ ಬರುವುದಕ್ಕೆ ನನ್ನ ವಿರೋಧವಿದೆ. ಸಾಕ್ಷ್ಯಚಿತ್ರ ನಿರ್ದೇಶಕ ಪ್ರದ್ಯುಮ್ನ ಅವರಿಗೂ ವಿರೋಧವಿದೆ. ಗುಡ್ಡ ಉಳಿಯಬೇಕು ಎನ್ನುತ್ತೇನೆ ನಾನು. ಉಳಿಯಲೇಬೇಕು ಎನ್ನುತ್ತಾರೆ ಅವರು. ಸಿದ್ಧಾಂತದಲ್ಲಿ ನಮ್ಮಿಬ್ಬರ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ. ಆದರೂ ಆ ಮನುಷ್ಯನ ಸಿನಿಮಾ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ! ವಿರೋಧಿಯ ಮೇಲೆ ಸಿಟ್ಟು ಬಂದರೆ ಎದುರು ನಿಂತು ಬೈಯಬಹುದು. ನಮ್ಮ ಕಡೆಯವರ ಮೇಲೆ ಬಂದರೆ ಎಲ್ಲಿಗೆ ಹೋಗಿ ಬೈಯುವುದು? ಹೆಂಡತಿ ಗಿರಿಜೆಯ ಹತ್ತಿರ ಬೈದೆ. ಅವಳು ಅವರ ಪಕ್ಷ ವಹಿಸಿದಳು.

ಇದನ್ನೆಲ್ಲ ಮೈಮೇಲೆ ಎಳೆದುಕೊಂಡವನು ನಾನೇ. ನಮ್ಮೂರು ಕಳಸದಿಂದ ಜೀಪಿನಲ್ಲಿ ಮುಕ್ಕಾಲು ಗಂಟೆ. ಕಲ್ಬಂಡೆ ಗುಡ್ಡದಲ್ಲಿ ಹುಟ್ಟುವ ಹಳ್ಳದಿಂದಲೇ ಊರಿಗೆ ಕುಡಿಯುವ ನೀರು, ಕಾಫಿ ತೋಟದ ನೀರು ಎಲ್ಲ. ಅಲ್ಲಿ ಬಂಡೆ ಸಿಡಿಸಿದರೆ ಹಳ್ಳದ ಕಥೆ ಮುಗಿಯಿತು. ಕ್ವಾರಿ ಬೇಡವೆಂದು ಗ್ರಾಮಸಭೆಯಲ್ಲಿ ನಿರ್ಣಯ ಆಗಬೇಕಿತ್ತು. ಆದರೆ ಕ್ವಾರಿ ಕಂಟ್ರಾಕ್ಟರ್ ದಿನೇಶ ಊರಿಗೆ ಒಳ್ಳೆಯ ರಸ್ತೆ ಮಾಡಿಸಿಕೊಡುತ್ತೇನೆಂದು ಆಸೆ ಹುಟ್ಟಿಸಿದ್ದರಿಂದ ಅರ್ಧ ಊರು ಅವನ ಕಡೆ ವಾಲುತ್ತಿತ್ತು. ಹೋರಾಟ ಸಮಿತಿಯ ಕಾರ್ಯದರ್ಶಿಯಾದ ನಾನು, "ಒಂದು ಸಿನಿಮಾ ಮಾಡ್ಸಿ ತೋರ್ಸಾಣ, ಜನ ತಾವಾಗೇ ತಿರುಗ್ತಾರೆ" ಎಂದು ಘೋಷಿಸಿ ಬೆಂಗಳೂರಿನಿಂದ ಪ್ರದ್ಯುಮ್ನರನ್ನು ಕರೆಸಿದೆ. ಸಿನಿಮಾದಲ್ಲಿ ಮುಖ್ಯ ಭಾಷಣ ನನ್ನದೇ ಎಂಬುದರಲ್ಲಿ ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ.

ಅವರು ಬಂದ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿ, ಗಂಟಲಿಗೆ ಬಿಸಿನೀರು ಕುಡಿದು, ಹಳ್ಳದ ಇತಿಹಾಸದಿಂದ ಶುರುಮಾಡಿ ಕಾನೂನಿನವರೆಗೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಕುರ್ಚಿಯಲ್ಲಿ ಕುಳಿತೆ. ಪ್ರದ್ಯುಮ್ನ ನನ್ನನ್ನು ಬಹಳ ಹೊತ್ತು ನೋಡಿದರು.

"ಸರ್, ಹಳೇ ಬನಿಯನ್ ಇದ್ಯಾ?"

ಇತ್ತು. ಹಾಕಿದೆ. ಹೋರಾಟಕ್ಕಾಗಿ ಏನು ಬೇಕಾದರೂ ಹಾಕಬಹುದು.

"ಈಗ ಗುಡ್ಡ ನೋಡಿ. ಏನೂ ಮಾತಾಡ್ಬೇಡಿ."

"ಭಾಷಣ?"

"ನಿಮ್ಮ ಮುಖದ ಗೆರೆಗಳೇ ಮಾತಾಡ್ತವೆ ಸರ್."

ಮುಖದ ಗೆರೆಗಳಿಗೆ ಕಾನೂನು ಗೊತ್ತಿದೆಯೇ? ಕೇಳೋಣವೆಂದು ಬಾಯಿ ತೆರೆದರೆ, "ಕಟ್!" ಎಂದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಗುಡ್ಡ ನೋಡಿದೆ. ಹುಟ್ಟಿದಾಗಿನಿಂದ ನಾನು ಆ ಗುಡ್ಡವನ್ನು ಅಷ್ಟೊಂದು ನೋಡಿರಲಿಲ್ಲ. ಆಮೇಲೆ ಗಿರಿಜೆಯ ಕೈಗೆ ಕೊಡ ಕೊಟ್ಟು ಹಳ್ಳಕ್ಕೆ ಕಳಿಸಿದರು. "ಮನೇಲಿ ನಲ್ಲಿ ಉಂಟಲ್ಲ ಮಾರಾಯ್ರೆ?" ಎಂದು ಅವಳು ಕೇಳಿದ್ದಕ್ಕೆ, "ನಲ್ಲಿಯಲ್ಲಿ ನೋವಿಲ್ಲ ಮೇಡಂ" ಎಂದರು! ನನ್ನ ಹಲ್ಲು ಕಟಕಟ ಎಂದಿತು. ಆದರೆ ಏನು ಹೇಳಲಿ? ಮನುಷ್ಯ ನಮ್ಮ ಕಡೆಯವನು.

ಮರುದಿನ ಅವರಿಗೆ ಮಳೆ ಬೇಕಾಯಿತು. ಫೆಬ್ರುವರಿ ತಿಂಗಳು, ಸುಡುಬಿಸಿಲು. ಬಾಯಿ ಮುಚ್ಚಿಕೊಂಡಿರಬೇಕಿತ್ತು ನಾನು. "ಸ್ಪ್ರಿಂಕ್ಲರ್ ಹಾಕಾಣ" ಎಂದುಬಿಟ್ಟೆ! ಕಾಫಿ ಬೆಳೆಯುವವರಿಗೆಲ್ಲ ಗೊತ್ತು, ಮೊಗ್ಗು ಬಂದ ಗಿಡವನ್ನು ನೆನೆಸಿದರೆ ಪೂರ್ತಿ ನೆನೆಸಬೇಕು, ಅರೆಬರೆ ನೆನೆಸಿದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ನನಗೂ ಗೊತ್ತು. ಮುಂದಿನ ವಾರ ಹೇಗೂ ನೀರು ಕೊಡಬೇಕಿತ್ತಲ್ಲ, ಈಗಲೇ ಆಗಲಿ ಎಂದು ಮನೆಯ ಮುಂದಿನ ರೊಬಸ್ಟಾ ಕಾಫಿಗೆ ಪಂಪು ಹಾಕಿದೆ. ನಾನು ಆ ಮಳೆಯಲ್ಲಿ ಬನಿಯನ್ನಿನಲ್ಲಿ ನಿಂತು ಮತ್ತೆ ಗುಡ್ಡ ನೋಡಿದೆ. ಸ್ವಲ್ಪ ಹೊತ್ತಿಗೇ ಪ್ರದ್ಯುಮ್ನ, "ಪಂಪಿನ ಸದ್ದು ಬರ್ತಿದೆ, ಆಫ್ ಮಾಡಿ" ಎಂದರು. ನಾನು ಒಂದಕ್ಷರ ಮಾತಾಡಬಾರದ ಸಿನಿಮಾದಲ್ಲಿ ಪಂಪು ಮಾತಾಡಿದರೆ ಏನಾಗುತ್ತಿತ್ತೋ! ಆಫ್ ಮಾಡಿದೆ. ಆಮೇಲೆ ಅವರು ಶೂಟಿಂಗಿಗೆಂದು ನನ್ನನ್ನೂ ಕುದುರೆಮುಖಕ್ಕೆ ಹೊರಡಿಸಿದರು. ಮತ್ತೆ ಪಂಪು ಹಾಕುವುದು ಮರೆತೇ ಹೋಯಿತು. ಮೊಗ್ಗು ಕೆಟ್ಟಿತು. ಆ ತುಂಡು ತೋಟ ಗಿರಿಜೆಯ ಹೆಸರಿನಲ್ಲಿದೆ ಎಂಬುದನ್ನು ಇಲ್ಲಿ ಹೆಚ್ಚು ವಿವರಿಸಲು ಇಷ್ಟಪಡುವುದಿಲ್ಲ.

ಗ್ರಾಮಸಭೆಯ ದಿನ ಬಂತು. ಪಂಚಾಯ್ತಿ ಹಾಲಿನ ಕಿಟಕಿಗಳಿಗೆ ಕಾಫಿ ಒಣಗಿಸುವ ಟಾರ್ಪಾಲು ಕಟ್ಟಿ ಕತ್ತಲು ಮಾಡಿದ್ದೆವು. ಜನ ಕಿಕ್ಕಿರಿದಿದ್ದರು. ಸಿನಿಮಾ ಶುರುವಾಯಿತು. ಪರದೆಯ ಮೇಲೆ ಗಣಿ ಮುಚ್ಚಿದ ಕುದುರೆಮುಖದ ಖಾಲಿ ಕ್ವಾರ್ಟರ್ಸು. ಅದರ ನಡುವೆ ಪ್ರದ್ಯುಮ್ನ ನಡೆಯುತ್ತಿದ್ದಾರೆ. ಕೊಳಲು. ಮತ್ತೆ ನಡೆಯುತ್ತಿದ್ದಾರೆ. ಮತ್ತೂ ಕೊಳಲು.

"ಇವ್ರು ಎಲ್ಲಿಗೆ ಹೋಗ್ತಿರದು ಮಾರಾಯ? ಜೀಪು ಸಿಗ್ಲಿಲ್ವಾ?" ಎಂದು ಪಕ್ಕದ ತೋಟದ ನಾಗೇಶ ನನ್ನ ಕಿವಿಯಲ್ಲಿ ಕೇಳಿದ. ಅವನು ನಮ್ಮ ಸಮಿತಿಯ ಖಜಾಂಚಿ.

ಕೊನೆಗೂ ನಾನು ಬಂದೆ. ಬನಿಯನ್ನು, ಮಳೆ, ಗುಡ್ಡ. ಮೇಲಿಂದ ಪ್ರದ್ಯುಮ್ನರ ನಡುಗುವ ಧ್ವನಿ: "ಈ ಮನುಷ್ಯನಿಗೆ ಮಾತುಗಳಿಲ್ಲ. ಇವನ ಹಳ್ಳ ಸಾಯುತ್ತಿದೆ. ಇವನ ಪರವಾಗಿ ನಾನು ಮಾತಾಡುತ್ತೇನೆ."

ನನಗೆ! ಮಾತುಗಳಿಲ್ಲ! ಮದುವೆ ಮನೆಯಲ್ಲಿ ನಾನು ಮೈಕ್ ಹಿಡಿದರೆ ಊಟದ ಎಲೆ ಒಣಗುತ್ತದೆ ಎಂದು ಊರಿಗೇ ಗೊತ್ತು! ಹಾಲಿನ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡಳು. "ಇಷ್ಟು ವರ್ಷ ನನ್ನ ಕೈಲಿ ಆಗ್ಲಿಲ್ಲ ಕಣ್ರೀ. ಪುಣ್ಯಾತ್ಮ ಎರಡೇ ದಿನದಲ್ಲಿ ಮಾಡಿದ್ರು" ಎಂದಳು.

ನನ್ನನ್ನು ಮೂಕನನ್ನಾಗಿ ಮಾಡಿದ್ದನ್ನು ಕ್ಷಮಿಸಬಹುದಿತ್ತು. ಹಳ್ಳ ಸಾಯುತ್ತಿದೆ ಎಂದರಲ್ಲ, ಅದನ್ನು ಹೇಗೆ ಕ್ಷಮಿಸಲಿ? ನಮ್ಮ ಹಳ್ಳ ಏಪ್ರಿಲ್‌ನಲ್ಲೂ ಹರಿಯುತ್ತದೆ. ಅಂಥ ಹಳ್ಳವನ್ನು ಕಳೆದುಕೊಳ್ಳುತ್ತೇವಲ್ಲ ಎಂಬುದೇ ನಮ್ಮ ಹೋರಾಟ. ನಿಜ ಹೇಳಿದ್ದರೆ ಸಾಕಿತ್ತು! ನಿಜಕ್ಕೆ ಕೊಳಲು ಯಾಕೆ, ಬನಿಯನ್ನು ಯಾಕೆ?

ದೀಪ ಹತ್ತಿತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹಲವರ ಕಣ್ಣು ಒದ್ದೆಯಾಗಿತ್ತು. ದಿನೇಶನ ಜೀಪಿನಲ್ಲೇ ಬಂದಿದ್ದ ಗುಲಾಬಮ್ಮ ಮೂಗು ಒರೆಸಿಕೊಳ್ಳುತ್ತ, "ಪಾಪ, ಆ ಗಂಡಸು" ಎಂದಳು. ಆ ಗಂಡಸು ನಾನು. ಪಂಚಾಯ್ತಿ ಅಧ್ಯಕ್ಷೆ ಲೀಲಮ್ಮ, "ಹಂಗಾರೆ ಕ್ವಾರಿ ಬೇಡ ಅನ್ನೋರು ಕೈ ಎತ್ತಿ" ಎಂದು ಹೇಳಲು ಬಾಯಿ ತೆರೆದಿದ್ದರು.

ಅಷ್ಟರಲ್ಲಿ ನಾನು ಎದ್ದು ನಿಂತೆ.

"ಮಾನ್ಯ ಅಧ್ಯಕ್ಷರೇ, ಈ ಚಿತ್ರದ ಉದ್ದೇಶಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ಆದರೆ ಇದರ ಶೈಲಿಯನ್ನು ನಾನು ಉಗ್ರವಾಗಿ ಖಂಡಿಸುತ್ತೇನೆ! ಹಳ್ಳ ಸಾಯುತ್ತಿಲ್ಲ. ನಾನು ಮೂಕನಲ್ಲ. ನಮ್ಮ ಮನೆಯಲ್ಲಿ ನಲ್ಲಿ ಇದೆ!"

ಹಾಲಿನಲ್ಲಿ ಒಂದೇ ಒಂದು ಚಪ್ಪಾಳೆ ಕೇಳಿತು. ತಿರುಗಿ ನೋಡಿದೆ. ದಿನೇಶ!

"ಕೇಳಿದ್ರಲ್ಲ? ನಮ್ ಪ್ರಕಾಶಣ್ಣ ಸತ್ಯವಂತ್ರು. ಸಿನಿಮಾ ಸುಳ್ಳು ಅಂತ ಕಾರ್ಯದರ್ಶಿನೇ ಹೇಳಿದ್ರು. ಮತ್ತೆ ಆ ಮಳೆ ಎಂಥದು ಪ್ರಕಾಶಣ್ಣ? ಫೆಬ್ರುವರೀಲಿ, ಸುತ್ತ ತಿರುಗ್ತಾ ಬರೋ ಮಳೆ?"

ಇಡೀ ಸಭೆ ಗೊಳ್ಳೆಂದಿತು. ಅಲ್ಲಿ ಕೂತವರೆಲ್ಲ ಸ್ಪ್ರಿಂಕ್ಲರ್ ಪೈಪು ಹೊತ್ತವರೇ. "ಸಾಯ್ತಿರೋ ಹಳ್ಳದಿಂದ ಸ್ಪ್ರಿಂಕ್ಲರಿಗೆ ನೀರು ಹೆಂಗೆ ಬಂತು?" ಎಂದು ದಿನೇಶ ಕೇಳಿದ. ಗುಲಾಬಮ್ಮನ ಕಣ್ಣು ಒಣಗಿತು.

ಈಗ ನಾನು ಅಸಹ್ಯಪಡುತ್ತಿದ್ದ ಸಿನಿಮಾವನ್ನು ನಾನೇ ಸಮರ್ಥಿಸಬೇಕಾಯಿತು! ಕೊಳಲನ್ನು ಹೊಗಳಿದೆ. ನಿಧಾನ ನಡಿಗೆಯ ಆಳವಾದ ಅರ್ಥ ಹೇಳಿದೆ. ಬನಿಯನ್ನು ಒಂದು ಸಂಕೇತ ಎಂದೆ. ಪ್ರದ್ಯುಮ್ನರೇ ಬೆರಗಾಗಿ ಕ್ಯಾಮೆರಾ ತೆಗೆದರು. ನಡುವೆ ನನ್ನ ಬಾಯಿಪಾಠದ ಭಾಷಣ ನೆನಪಾಯಿತು. ಸಿಕ್ಕಿದ ಅವಕಾಶ ಬಿಡುವುದುಂಟೇ? ಹಳ್ಳದ ಇತಿಹಾಸದಿಂದ ಶುರುಮಾಡಿದೆ. ಕಾನೂನಿಗೆ ಬರುವಷ್ಟರಲ್ಲಿ ಹೊರಗೆ ಕೊನೆಯ ಜೀಪಿನ ಹಾರ್ನ್ ಕೇಳಿತು. ಮೊದಲು ಬಾಗಿಲ ಹತ್ತಿರದವರು ಎದ್ದರು. ಆಮೇಲೆ ಮಧ್ಯದವರು. ನಾನು ಕಣ್ಣು ಮುಚ್ಚಿ ಭಾವಾವೇಶದಲ್ಲಿದ್ದೆ. ತೆರೆದಾಗ ಎದುರಿಗೆ ಖಾಲಿ ಕುರ್ಚಿಗಳು, ಲೀಲಮ್ಮ, ಮತ್ತು ಟಾರ್ಪಾಲು ಬಿಚ್ಚುತ್ತಿದ್ದ ನಾಗೇಶ.

"ಜನ ಇಲ್ದೆ ನಿರ್ಣಯ ಆಗಲ್ಲ ಪ್ರಕಾಶಣ್ಣ. ಮುಂದಿನ ಸಭೆಗೆ ನೋಡಾಣ" ಎಂದರು ಲೀಲಮ್ಮ.

ಗುಡ್ಡ ಉಳಿಸಬೇಕಾದ ನಾನೇ ಅದನ್ನು ಕ್ವಾರಿಗೆ ಒಂದು ಹೆಜ್ಜೆ ಹತ್ತಿರ ತಳ್ಳಿದ್ದೆ. ಆ ಸಂಜೆ ನನಗೆ ನಿಜವಾಗಿಯೂ ಮಾತುಗಳಿರಲಿಲ್ಲ.

ಸಮಿತಿ ತುರ್ತು ಸಭೆ ಸೇರಿ ಎರಡು ತೀರ್ಮಾನ ಮಾಡಿತು. ಒಂದು, ಪ್ರದ್ಯುಮ್ನರು ಆ ಸುಳ್ಳು ಮಳೆಯನ್ನೂ ಸಾಯುವ ಹಳ್ಳವನ್ನೂ ತೆಗೆದು, ಹರಿಯುವ ಹಳ್ಳವನ್ನೇ ತೋರಿಸಬೇಕು. ಅವರು ಮುಖ ಸಣ್ಣಗೆ ಮಾಡಿಕೊಂಡು ಒಪ್ಪಿದರು. ಕೊಳಲು ಮಾತ್ರ ಬಿಡಲಿಲ್ಲ. ಎರಡು, ಮುಂದಿನ ಗ್ರಾಮಸಭೆಯಲ್ಲಿ ಕಾರ್ಯದರ್ಶಿಯವರು ಸಿನಿಮಾದಲ್ಲಿ ಇದ್ದ ಹಾಗೆಯೇ ಇರತಕ್ಕದ್ದು.

"ಅದನ್ನ ಯಾರು ಸೂಚಿಸಿದ್ದು?" ಎಂದು ನಾಗೇಶನನ್ನು ಕೇಳಿದೆ.

"ಗಿರಿಜಕ್ಕ" ಎಂದ.

ಮುಂದಿನ ಸಭೆಯಲ್ಲಿ ಮೊದಲ ಸಾಲಿನಲ್ಲಿ ಬಾಯಿ ಮುಚ್ಚಿ ಕುಳಿತೆ. ಸಿನಿಮಾ ಮುಗಿದು ಟಾರ್ಪಾಲು ಸರಿಸಿದ ಮೇಲೆ ಕಿಟಕಿಯಿಂದ ಗುಡ್ಡ ನೋಡಿದೆ. ಗುಲಾಬಮ್ಮ ಮತ್ತೆ ಮೂಗು ಒರೆಸಿಕೊಂಡಳು. "ಕ್ವಾರಿ ಬೇಡ ಅನ್ನೋರು ಕೈ ಎತ್ತಿ" ಎಂದರು ಲೀಲಮ್ಮ. ಬಲಗೈ ಎತ್ತಿದೆ. ಅಷ್ಟರಲ್ಲಿ ದಿನೇಶ, "ಬಂಡೆ ಒಡೆದ್ರೆ ಹಳ್ಳಕ್ಕೆ ಎಂಥ ಆಗ್ತದೆ? ಸುಮ್ನೆ ಹೆದರ್ಸ್ತಾರೆ" ಎಂದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು! ಇತಿಹಾಸ, ಕಾನೂನು, ಎಲ್ಲ! ಮಾತಾಡಲು ಅವಕಾಶ ಕೊಡಿ ಎಂದು ಎಡಗೈಯನ್ನೂ ಎತ್ತಿದೆ.

ಲೀಲಮ್ಮ ಎಣಿಸುವುದನ್ನು ನಿಲ್ಲಿಸಿದರು. "ಪ್ರಕಾಶಣ್ಣ, ಒಬ್ರಿಗೆ ಒಂದೇ ಕೈ. ಒಂದು ಇಳಿಸಿ."

ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಗಿರಿಜೆ ತುಟಿಯ ಮೇಲೆ ಬೆರಳಿಟ್ಟಳು. ಹೊರಗೆ ಗುಡ್ಡ ತನ್ನ ಪಾಡಿಗೆ ನಿಂತಿತ್ತು. ಎಡಗೈ ಇಳಿಸಿದೆ.

ನಿರ್ಣಯ ಪಾಸಾಯಿತು. ಚಪ್ಪಾಳೆಯ ನಡುವೆ ಕ್ಯಾಮೆರಾ ಹಿಡಿದ ಪ್ರದ್ಯುಮ್ನ ಒದ್ದೆ ಕಣ್ಣಿನಲ್ಲಿ ನನ್ನ ಹತ್ತಿರ ಓಡಿಬಂದರು.

"ಸರ್, ಆ ಕೈ ಇಳಿಸಿದ್ದು ಅದ್ಭುತ! ಇನ್ನೊಂದ್ಸಲ, ಸ್ವಲ್ಪ ನಿಧಾನವಾಗಿ ಇಳಿಸ್ತೀರಾ?"

ಇಳಿಸಿದೆ.