ಹಡಗಲಿಗೆ ನನ್ನ ದಂಡಯಾತ್ರೆ

ಇತಿಹಾಸ ಕಲಿಸುವವರಿಗೆ ಒಂದು ಕೆಟ್ಟ ಚಟವಿರುತ್ತದೆ. ಯಾರದೋ ಯುದ್ಧವನ್ನು ತಾವೇ ಗೆದ್ದವರಂತೆ ಮಾತಾಡುತ್ತಾರೆ. ನಾನೂ ಅಷ್ಟೆ. ಕೊಟ್ಟೂರಿನ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ಬೆತ್ತ ಹಿಡಿದು ನಕ್ಷೆಯ ಮೇಲೆ ಅರ್ಧ ಜಗತ್ತನ್ನು ಗೆದ್ದಿದ್ದೇನೆ. ಮನೆಯಲ್ಲಿ ಮಾತ್ರ ಜಿರಳೆ ಕಂಡರೆ ಶಾಂತಾಳನ್ನು ಕೂಗುತ್ತೇನೆ. ಶಾಂತಾ ನನ್ನ ಹೆಂಡತಿ, ಹಡಗಲಿಯ ಹೆಣ್ಣುಮಗಳು.

ಹೀಗಿರುವಾಗ ನಮ್ಮ ಓಣಿಯ ಮೆಕ್ಯಾನಿಕ್ ಬಾಬುಸಾಬ ಎಲ್ಲಿಂದಲೋ ಒಂದು ಪ್ರೊಜೆಕ್ಟರ್ ತಂದ. ಭಾನುವಾರ ಮಧ್ಯಾಹ್ನ ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ ಓಣಿಯವರಿಗೆಲ್ಲ ಸಿನಿಮಾ ತೋರಿಸುವುದೆಂದಾಯಿತು. ಆಯ್ಕೆ ನನಗೆ ಬಿಟ್ಟರು, ನಾನು ಬಿಡುತ್ತೇನೆಯೇ? ಮಂಗೋಲರ ದೊರೆಯೊಬ್ಬನ ಮೇಲಿನ ಮೂರು ತಾಸಿನ ಐತಿಹಾಸಿಕ ಚಿತ್ರವನ್ನೇ ಆರಿಸಿದೆ. ಮಾತೆಲ್ಲ ಅವರ ಭಾಷೆಯದು, ಕೆಳಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಪರದೆಯ ಪಕ್ಕ ನಿಂತು ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಯುದ್ಧತಂತ್ರದ ಮೇಲೆ ಒಂದು ಭಾಷಣವನ್ನೂ ತಯಾರಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ.

ಮೊದಲ ಯುದ್ಧಕ್ಕೇ ನನ್ನ ಭಾಷಣ ನೆಗೆದುಬಿತ್ತು. ಸಾವಿರಾರು ಕುದುರೆಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದರೆ, ಕುರಿ ಕಾಯುವ ಭರಮಪ್ಪ ಎದ್ದು ನಿಂತು, “ಮೇಷ್ಟ್ರೇ, ಇಷ್ಟು ಕುದುರಿ ಓಡ್ಯಾಡ್ತಾವ, ಒಂದಕ್ಕರ ಮೇವು ಹಾಕಿದ್ದು ತೋರಿಸಲಿಲ್ಲಲ್ರೀ?” ಎಂದ. ಯುದ್ಧ ನೋಡಪ್ಪಾ ಎಂದೆ. “ಯುದ್ಧ ಇರ್ಲಿ ಬಿಡ್ರಿ, ನೀರು ಕುಡಿಸೋ ಜಾಗನೂ ಕಾಣವಲ್ದು” ಎಂದು ಗೊಣಗುತ್ತ ಕೂತ. ಶತ್ರುಗಳು ಸೋತು ಓಡುವಾಗ ಅವರು ಬಿಟ್ಟುಹೋದ ಕುರಿಹಿಂಡೊಂದು ಪರದೆಯ ಅಂಚಿನಲ್ಲಿ ಕಂಡಿತು. ದೊರೆ ಗೆದ್ದದ್ದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕುರಿ ಉಳಿದದ್ದಕ್ಕೆ ಅರ್ಧ ಭವನ ಹೊಡೆಯಿತು.

ಅದನ್ನಾದರೂ ಸಹಿಸಬಹುದಿತ್ತು. ಆಮೇಲೆ ಬಂತು ನೋಡಿ ನನ್ನ ಗ್ರಹಚಾರ. ವೈರಿಗಳು ದೊರೆಯ ಹೆಂಡತಿಯನ್ನು ಹೊತ್ತೊಯ್ದರು. ಅವನು ಊಟ ನಿದ್ದೆ ಬಿಟ್ಟು, ಗೆಳೆಯರ ಕೈಕಾಲು ಹಿಡಿದು ದಂಡು ಕೂಡಿಸಿ, ಹೋಗಿ ಅವಳನ್ನು ಕರೆತಂದ. ಅವಳು ಬಸುರಿಯಾಗಿದ್ದಳು. ಮಗು ನನ್ನದೇ ಎಂದ, ಮತ್ತೊಂದು ಮಾತಾಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಪಕ್ಕದ ಮನೆಯ ಗಂಗಮ್ಮಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಗಂಡಸಂದ್ರ ಇವ ನೋಡವ್ವಾ! ಆದ್ರ ಮನಿಗೆ ಬಂದಾಕಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬೋರು ಒಬ್ರೂ ಇಲ್ಲಲ್ಲ!” ಎಂದಳು. ಹೆಂಗಸರೆಲ್ಲ ಹೌದು ಹೌದೆಂದರು. ಶಾಂತಾ ಮಾತ್ರ ಆ ಮಬ್ಬಿನಲ್ಲೇ ನನ್ನ ಕಡೆ ನೋಡಿದಳು.

ಆ ನೋಟದ ಅರ್ಥ ನನಗೊಬ್ಬನಿಗೇ ಗೊತ್ತು. ಹಿಂದಿನ ತಿಂಗಳು ಅವಳು ಮೂರು ವಾರ ತವರಿನಲ್ಲಿದ್ದಳು. ನಾನು ಮಾಡಿದ್ದು ಒಂದೇ ಫೋನು, ಅದೂ ಚಹಾಪುಡಿ ಡಬ್ಬಿ ಎಲ್ಲಿದೆ ಎಂದು ಕೇಳಲಿಕ್ಕೆ. ಗಾಬರಿಯಲ್ಲಿ ನಾನು ಇತಿಹಾಸಕ್ಕೇ ದ್ರೋಹ ಬಗೆದೆ. “ನೋಡ್ರಿ, ಅವ ಹೋಗಿದ್ದು ಹೆಂಡ್ತಿ ಸಲುವಾಗಿ ಅಲ್ಲ. ಅದೆಲ್ಲ ರಾಜಕೀಯ. ಹೆಂಡ್ತಿ ದಾರಿಯಾಗ ಸಿಕ್ಕಳು, ಕರಕೊಂಡು ಬಂದ” ಎಂದು ಅನುವಾದಿಸಿಬಿಟ್ಟೆ. ಗಂಗಮ್ಮಜ್ಜಿ ತಿರುಗಿಯೂ ನೋಡದೆ, “ಮೇಷ್ಟ್ರಪ್ಪಾ, ಅವನ ಮಾರಿ ನೋಡಿದ್ರ ತಿಳಿತೈತಿ, ನೀವು ಸುಮ್ಕಿರ್ರಿ” ಎಂದಳು.

ಮರುದಿನ ಬೆಳಿಗ್ಗೆ ಶಾಂತಾ ಚೀಲ ಹಿಡಿದು ನಿಂತಿದ್ದಳು. “ಹಡಗಲಿಗೆ ಹೊಂಟೀನಿ. ಚಹಾಪುಡಿ ಕೆಂಪು ಡಬ್ಬಿಯಾಗ ಐತಿ, ಫೋನ್ ಮಾಡಬ್ಯಾಡ್ರಿ” ಎಂದಳು. ಎಷ್ಟು ದಿನ ಎಂದು ಅವಳು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ಎರಡು ದಿನ ಬಿಗುಮಾನದಿಂದ ಕೂತೆ. ನಿಜ ಹೇಳುತ್ತೇನೆ, ಅವಳ ಬೈಗುಳವಿಲ್ಲದೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಆದರೂ ಹೋಗಲಿಕ್ಕೆ ನಾಚಿಕೆ. ಮೂರನೆಯ ದಿನ ಬಾಬುಸಾಬ ಲಗೇಜ್ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಹಿಂದೆ ಭರಮಪ್ಪ, ಗಂಗಮ್ಮಜ್ಜಿ ಆಗಲೇ ಕೂತಿದ್ದರು. “ಹತ್ರಿ ಮೇಷ್ಟ್ರೇ, ದಂಡು ರೆಡಿ ಐತಿ” ಎಂದ ಬಾಬುಸಾಬ. ಒಲ್ಲೆ ಎಂದರೂ ಬಿಡದೆ ರಟ್ಟೆ ಹಿಡಿದು ಹತ್ತಿಸಿದರು.

ಹಡಗಲಿಯಲ್ಲಿ ಶಾಂತಾ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ತಲೆ ಎತ್ತಿ, “ಯಾರು ಹೇಳಿ ಕಳಿಸಿದ್ರು?” ಎಂದಳು.

“ಯಾರೂ ಇಲ್ಲ, ನಾನೇ ಬಂದೀನಿ. ಇವ್ರು ಸುಮ್ನ ಜೊತಿಗೆ ಬಂದಾರ” ಎಂದೆ. ಗಂಗಮ್ಮಜ್ಜಿಗೆ ಕೆಮ್ಮು ಬಂತು. ಶಾಂತಾಳ ಕಣ್ಣು ತುಂಬಿತು. ಪಾಪ, ನಂಬಿದಳು. ನಮ್ಮತ್ತೆ ಉಡಿ ತುಂಬಿ ಕಳಿಸಿದರು. ಆಟೋದಲ್ಲಿ ನಾನು ಅರ್ಧ ಜಗತ್ತನ್ನು ನಿಜವಾಗಿಯೂ ಗೆದ್ದವನಂತೆ ಮೀಸೆ ತಿರುವುತ್ತ ಬಂದೆ.

ಗಂಗಮ್ಮಜ್ಜಿ ಒಂದು ವಾರ ಹೇಗೋ ತಡೆದುಕೊಂಡಳು. ಎಂಟನೆಯ ದಿನ ನಲ್ಲಿಯ ಹತ್ತಿರ ಎಲ್ಲವನ್ನೂ ಒದರಿಬಿಟ್ಟಳು. ಶಾಂತಾ ಜಗಳವಾಡಲಿಲ್ಲ. ನನ್ನನ್ನು ಕಂಡಾಗಲೆಲ್ಲ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಜಗಳವೇ ವಾಸಿಯಿತ್ತು.

ಕಳೆದ ವಾರ ತಮ್ಮನ ಮನೆಯ ಕಾರ್ಯಕ್ಕೆಂದು ಮತ್ತೆ ಹಡಗಲಿಗೆ ಹೋದಳು. “ಸೋಮವಾರ ನಾನೇ ಬರ್ತೀನಿ, ನೀವು ಬರಬ್ಯಾಡ್ರಿ” ಎಂದು ಹೇಳಿಯೇ ಹೋಗಿದ್ದಳು. ಶುಕ್ರವಾರಕ್ಕೇ ನನಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ, ಯಾರಿಂದಲೂ ಹೇಳಿಸಿಕೊಳ್ಳದೆ, ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಬಾಗಿಲು ತೆಗೆದವಳು ಮೊದಲು ನನ್ನ ಬೆನ್ನ ಹಿಂದೆ ನೋಡಿದಳು.

“ಉಳಿದೋರೆಲ್ಲಿ?”

“ಒಬ್ಬನೇ ಬಂದೀನಿ ಶಾಂತಾ, ದೇವರಾಣಿ.”

“ಹೌದಾ?” ಎಂದು ಚಪ್ಪಲಿ ಮೆಟ್ಟಿಕೊಂಡು, ಆಟೋ ಎಲ್ಲಿ ನಿಲ್ಲಿಸಿದ್ದಾರೆಂದು ನೋಡಲು ಓಣಿಯ ತುದಿಯವರೆಗೂ ಹೋದಳು.