ಲಾಭ, ಒಂದು, ಎರಡು

ರೊಕ್ಕ ಕದ್ದವನನ್ನು ನಾನು ಕ್ಷಮಿಸಬಲ್ಲೆ. ಪಾಪ, ಅವನ ಮನೆಯಲ್ಲಿ ಏನು ತಾಪತ್ರಯವಿತ್ತೋ ಎಂದು ಒಂದು ಗಳಿಗೆ ಮರುಗಲಿಕ್ಕಾದರೂ ಬರುತ್ತದೆ. ಮಾವಿನಕಾಯಿ ಕದ್ದವನ ಮೇಲಂತೂ ಪ್ರೀತಿಯೇ ಹುಟ್ಟುತ್ತದೆ. ಆದರೆ ರವಿವಾರ ಮುಂಜಾನೆ ಹೊಟ್ಟೆ ತುಂಬ ಉಪ್ಪಿಟ್ಟು ತಿಂದು, ಬಿಳಿ ಬೂಟು ಹಾಕಿಕೊಂಡು ಬಂದು, ಆಟದಲ್ಲಿ ಒಂದು ಎಸೆತ ಕದಿಯುವ ಮನುಷ್ಯನಿದ್ದಾನಲ್ಲ, ಅವನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೋ ನನಗೆ ತಿಳಿಯುವುದಿಲ್ಲ. ಕದ್ದದ್ದನ್ನು ತಿನ್ನಲಿಕ್ಕೆ ಬರುವುದಿಲ್ಲ, ಮಾರಲಿಕ್ಕೆ ಬರುವುದಿಲ್ಲ, ಮಕ್ಕಳ ಹೆಸರಿಗೆ ಮಾಡಿಟ್ಟು ಹೋಗಲಿಕ್ಕೂ ಬರುವುದಿಲ್ಲ. ನಮ್ಮ ಅಜ್ಜಿ ಇಂಥವರನ್ನು ಕಂಡರೆ "ಕಳುವಿನ ಮರ್ಯಾದಿನೂ ಕಳದಾಂವ" ಎನ್ನುತ್ತಿದ್ದಳು.

ಆಟ ಯಾವುದೆಂದು ಹೇಳಿಬಿಡುತ್ತೇನೆ: ಡಿಸ್ಕ್ ಗಾಲ್ಫ್. ಚಿಕ್ಕೋಡಿಗೆ ಇದೆಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಪುಣೆಯಲ್ಲಿ ಈ ಚಟ ಹಚ್ಚಿಕೊಂಡಿದ್ದ ಎಂಜಿನಿಯರೊಬ್ಬರು ಇಲ್ಲಿಗೆ ವರ್ಗವಾಗಿ ಬಂದರು. ಕರೋಶಿ ದಾರಿಯ ಗರಸು ಬಯಲಿನಲ್ಲಿ ಒಂಬತ್ತು ಕಬ್ಬಿಣದ ಬುಟ್ಟಿ ನೆಡಿಸಿದರು, ಚಟ ನಮಗೂ ಅಂಟಿಸಿದರು, ಮತ್ತೆ ವರ್ಗವಾಗಿ ಹೋದರು. ಪ್ಲಾಸ್ಟಿಕ್ಕಿನ ತಟ್ಟೆಯೊಂದನ್ನು ದೂರದ ಬುಟ್ಟಿಯತ್ತ ಬೀಸಿ ಒಗೆಯುವುದು, ಬಿದ್ದಲ್ಲಿಂದ ಮತ್ತೆ ಒಗೆಯುವುದು, ಬುಟ್ಟಿಯ ಮೇಲೆ ಜೋತಾಡುವ ಸರಪಳಿಗೆ ಬಡಿದು ಅದು ಒಳಗೆ ಬೀಳುವವರೆಗೂ ಇದೇ ಉದ್ಯೋಗ. ಎಲ್ಲರಿಗಿಂತ ಕಡಿಮೆ ಎಸೆತದಲ್ಲಿ ಒಂಬತ್ತೂ ಬುಟ್ಟಿ ಮುಗಿಸಿದವನು ಗೆದ್ದ. ನಮ್ಮ ಕಡೆ ಇದಕ್ಕೆ ತಾಟಿನ ಆಟ ಎಂದೇ ಹೆಸರು. "ತಾಟ ಹಿಡಿಯೂದ ಹೌಸಿ ಇದ್ರ ಮನ್ಯಾಗ ತಿಕ್ಕೂವು ಭಾಳ ಅದಾವಲ್ಲ" ಎಂದು ನನ್ನ ಹೆಂಡತಿ ಶಾಂತಾ ಪ್ರತಿ ರವಿವಾರ ನೆನಪಿಸುತ್ತಾಳೆ.

ಶಾಂತಾಳಿಗೆ ಹಾಗೆ ಅನ್ನುವ ಹಕ್ಕಿದೆ. ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಇರುವ ಬಹುಮಾನದ ಕಪ್ಪುಗಳೆಲ್ಲ ಅವಳವು: ರಂಗೋಲಿ, ಸಂಗೀತ ಕುರ್ಚಿ, ಚಮಚದ ಮೇಲೆ ಲಿಂಬೆಹಣ್ಣು ಇಟ್ಟುಕೊಂಡು ಓಡುವುದು. ನನ್ನದೆನ್ನುವ ಒಂದೇ ವಸ್ತು ಅಲ್ಲಿದೆ, ನನ್ನ ಕನ್ನಡಕದ ಡಬ್ಬಿ. ಈ ಸಲದ ಪಂದ್ಯದ ಕಪ್ಪು ನನಗೆ ಬೇಕಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಬೇಕಾಗಿತ್ತು.

ಅಡ್ಡ ಬಂದವನು ಬಾಳಪ್ಪಣ್ಣ. ನಿಪ್ಪಾಣಿಯಲ್ಲಿ ಕಾಳಿನ ವ್ಯಾಪಾರ ಮಾಡಿ, ಈಗ ಅಂಗಡಿಯ ಗಲ್ಲೆಯ ಮೇಲೆ ಮಗನನ್ನು ಕೂಡಿಸಿ, ಚಿಕ್ಕೋಡಿಗೆ ಬಂದು ತಟ್ಟೆ ಒಗೆಯುತ್ತಿರುವ ದೊಡ್ಡ ಹೊಟ್ಟೆಯ ಹಿರಿಯ. ಈ ಆಟದಲ್ಲಿ ಅಂಪೈರ್ ಇಲ್ಲ. ಅವರವರ ಎಸೆತ ಅವರವರೇ ಎಣಿಸಿ ಹೇಳಬೇಕು, ಗುಂಪಿನಲ್ಲೊಬ್ಬರು ಬರೆದುಕೊಳ್ಳಬೇಕು. ಈ ನಿಯಮ ಮಾಡಿದವರು ಮನುಷ್ಯರನ್ನು ಬಹುಶಃ ನೋಡಿರಲಿಕ್ಕಿಲ್ಲ. ಕಾಳಿನ ವ್ಯಾಪಾರಿಗಳನ್ನಂತೂ ಖಂಡಿತ ನೋಡಿಲ್ಲ. ಬಾಳಪ್ಪಣ್ಣನ ತಟ್ಟೆ ಪಕ್ಕದ ಕಬ್ಬಿನ ಹೊಲಕ್ಕೆ ಹೋದರೆ ಸ್ವಲ್ಪ ಹೊತ್ತಿಗೆ ತಟ್ಟೆ ಹೊರಗೆ ಬರುತ್ತದೆ, ಎಸೆತಗಳು ಬರುವುದಿಲ್ಲ. ಕಬ್ಬಿನ ಒಣ ಗರಿ, ನಮ್ಮ ರವದಿ, ಸರಬರ ಅನ್ನುತ್ತದೆ, ಅಣ್ಣ ಬೆವರು ಒರೆಸಿಕೊಳ್ಳುತ್ತ ಈಚೆ ಬಂದು ಯಾವ ಮುಜುಗರವೂ ಇಲ್ಲದೆ "ಮೂರು" ಎನ್ನುತ್ತಾನೆ. ನಾನು ಬೆರಳು ಮಡಚಿಟ್ಟುಕೊಂಡಿರುತ್ತೇನೆ, ನಾಲ್ಕು.

ಪಂದ್ಯದ ದಿನ ನಮ್ಮ ಗುಂಪಿನಲ್ಲಿ ಮೂವರಿದ್ದೆವು. ನಾನು, ಬಾಳಪ್ಪಣ್ಣ, ಮತ್ತು ಮರಾಠಿ ಶಾಲೆಯಲ್ಲಿ ಕಲಿಸುವ ಸುನಂದಾ ಅಕ್ಕೋರು. ಬರೆಯುವ ಕೆಲಸ ಅಕ್ಕೋರದ್ದು. ನಾನು ಅವತ್ತು ಬಾಳಪ್ಪಣ್ಣನ ನೆರಳಾದೆ. ಅವನು ಬಗ್ಗಿದರೆ ಬಗ್ಗಿದೆ, ಕಬ್ಬಿನೊಳಗೆ ಹೊಕ್ಕರೆ ಹೊಕ್ಕೆ, ಮೈಯೆಲ್ಲ ರವದಿ ಗೀರಿಸಿಕೊಂಡು ಹೊರಗೆ ಬಂದೆ. "ಯಾಕೋ ತಮ್ಮಾ, ನನಗ ಗಂಟ ಬಿದ್ದೀಯಲ್ಲ?" ಎಂದು ಅವನು ಕೇಳಿದ. "ಹಾವ ಗೀವ ಇರ್ತಾವ, ಅಣ್ಣಾ" ಎಂದೆ. ನಡುನಡುವೆ ನನ್ನ ತಟ್ಟೆಯನ್ನೂ ಒಗೆಯುತ್ತಿದ್ದೆ. ಪ್ರತಿ ಬುಟ್ಟಿಯ ಹತ್ತಿರ ಅಕ್ಕೋರು ಏನೋ ಕೇಳುತ್ತಿದ್ದರು, ಬಾಳಪ್ಪಣ್ಣ ಏನೋ ಹೇಳುತ್ತಿದ್ದ, ನಾನು ಮಾತ್ರ ಬೆರಳು ಮಡಚುವುದರಲ್ಲಿ ಮಗ್ನನಾಗಿದ್ದೆ. ಒಂಬತ್ತು ಬುಟ್ಟಿಯಲ್ಲೂ ಅವನು ತನ್ನದೆಂದು ಹೇಳಿದ್ದು ನನ್ನ ಬೆರಳಿಗಿಂತ ಒಂದು ಕಡಿಮೆ. ಕಳ್ಳನಿಗೂ ಇಷ್ಟು ಶಿಸ್ತು ಇರಬಾರದು.

ಕೊನೆಯ ಬುಟ್ಟಿ ಮುಗಿದು ಎಲ್ಲ ಗುಂಪುಗಳೂ ಬೇವಿನ ಮರದ ಕೆಳಗೆ ಸೇರಿದವು. ಅಕ್ಕೋರು ಕೂಡಿಸಿ ನೋಡಿ, ನಾನು ಮತ್ತು ಬಾಳಪ್ಪಣ್ಣ ಸಮಸಮ, ಇಬ್ಬರೂ ಎಲ್ಲರಿಗಿಂತ ಮುಂದೆ ಎಂದರು. ಇದಕ್ಕಾಗಿಯೇ ಕಾದಿದ್ದ ನಾನು ಗಂಟಲು ಸರಿಮಾಡಿಕೊಂಡೆ.

"ಅಕ್ಕೋರ, ಬಾಳಪ್ಪಣ್ಣಂದು ಒಂದೊಂದು ಬುಟ್ಟಿಗೂ ಒಂದೊಂದು ಕಮ್ಮಿ ಬಿದ್ದೈತಿ."

ಎಲ್ಲರೂ ಅವನತ್ತ ತಿರುಗಿದರು. ಬಾಳಪ್ಪಣ್ಣ ಮಾತ್ರ ಶೇಂಗಾ ಸುಲಿಯುತ್ತಲೇ ಇದ್ದ. "ಕಮ್ಮಿ ಎಲ್ಲೈತೋ? ಎಣಸಿ ಹೇಳೇನಲ್ಲ. ಲಾಭ, ಒಂದು, ಎರಡು, ಮೂರು."

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಶುಭವಾಗಲೆಂದು ಲಾಭ ಎನ್ನುತ್ತಾರೆ. ಅದರ ಬೆನ್ನಿಗೆ ಬರುವುದು ಎರಡು.

"ಲಾಭ ಅಂದ್ರನ ಒಂದು, ಅಣ್ಣಾ. ಆಮ್ಯಾಲ ಎರಡು."

"ಲಾಭ ದೇವರ ಪಾಲು. ಅದಕ್ಕ ಯಾರರೆ ಲೆಕ್ಕಾ ಹಚ್ತಾರೇನು?"

"ನಿನ್ನ ದೇವರು ಕಬ್ಬಿನ್ಯಾಗ ತಾಟ ಒಗೀತಾನೇನು?"

ಜನ ನಕ್ಕರು. ನನಗೆ ಹುರುಪು ಬಂತು. ಕಾಳು ಕೊಳ್ಳುವಾಗ ಲಾಭ, ಒಂದು, ಎರಡು. ಮಾರುವಾಗ ಲಾಭ, ಎರಡು, ಮೂರು. ಹೀಗೆ ಎಣಿಸಿಯೇ ಇವನ ಹೊಟ್ಟೆ ಈ ಗಾತ್ರಕ್ಕೆ ಬಂದದ್ದು ಎಂದೆ. ಇಂಥವರಿಂದಲೇ ಆಟಗಳು ಕೆಟ್ಟವು ಎಂದೆ. ಪ್ರಾಮಾಣಿಕತೆ ಎನ್ನುವ ಶಬ್ದವನ್ನು ಎಷ್ಟು ಸಲ ಬಳಸಿದೆನೋ ನೆನಪಿಲ್ಲ, ಕೇಳಿದವರಿಗೆ ನೆನಪಿದೆ. ಕಡೆಗೆ ಅಕ್ಕೋರು ಪೆನ್ನು ತೆಗೆದರು. "ಸರ ಅನ್ನೂದು ಬರೋಬರ್ ಐತಿ. ಒಗದದ್ದೆಲ್ಲಾ ಎಸತನ. ಬುಟ್ಟಿಗೊಂದರಂಗ ಒಂಬತ್ತು ಕೂಡಸ್ತೀನಿ."

"ಕೂಡಸ್ರಿ" ಎಂದ ಬಾಳಪ್ಪಣ್ಣ, ಬಾಯಿಗೆ ಶೇಂಗಾ ಹಾಕಿಕೊಳ್ಳುತ್ತ. "ಇವಂದೂ ಕೂಡಸ್ರಿ ಮತ್ತ."

"ನಂದ್ಯಾಕ?"

"ನಿಂದು ನೀ ಎಲ್ಲಿ ಎಣಿಸಿದ್ಯೋ? ನಿನ್ನ ಕಣ್ಣೆಲ್ಲಾ ನನ್ನ ಮ್ಯಾಲ. ಅಕ್ಕೋರು ಕೇಳಿ ಕೇಳಿ ದಣದ್ರು. ಪಾಪ ಅಂತ ನಿಂದೂ ನಾನ ಎಣಿಸಿ ಬರಸೇನಿ. ಅದೂ ಲಾಭ ಬಿಟ್ಟು."

ನಾನು ಅಕ್ಕೋರ ಮುಖ ನೋಡಿದೆ. "ಹೋ ಸರ," ಎಂದರು ಅವರು ಮೆಲ್ಲಗೆ, "ನಿಮ್ದು ಪೂರಾ ಅಣ್ಣಾರ ಹೇಳ್ಯಾರ." ನನ್ನ ಎಸೆತ ನಿಜಕ್ಕೂ ಎಷ್ಟೆಂದು ನೆನಪಿಸಿಕೊಳ್ಳಲು ಹೋದೆ. ಒಂದು ಬುಟ್ಟಿಯದೂ ನೆನಪಾಗಲಿಲ್ಲ. ಬಾಳಪ್ಪಣ್ಣನದು ಬೇಕಾದರೆ ಒಂಬತ್ತೂ ಬುಟ್ಟಿಯದು ಬಾಯಿಪಾಠ ಇತ್ತು. ಅಕ್ಕೋರ ಪೆನ್ನು ನನ್ನ ಹೆಸರಿನ ಕಡೆಗೆ ಇಳಿಯತೊಡಗಿತ್ತು. ಇಬ್ಬರಿಗೂ ಒಂಬತ್ತು ಕೂಡಿದರೆ ಮುಂದೆ ಉಳಿಯುವವರು, ಮೊದಲಿನಿಂದ ಒಂದು, ಎರಡು ಎಂದು ಎಣಿಸಿಕೊಂಡು ಬಂದ ಅಕ್ಕೋರೇ.

ಆಗ ನನ್ನ ಬಾಯಿಂದ ಮಾತು ಹೊರಟಿತು. ಎಂಥ ವಿನಯ, ಎಂಥ ಭಕ್ತಿ ಅದರಲ್ಲಿ.

"ಅಕ್ಕೋರ, ಒಂದೀಟ ತಡೀರಿ. ಹಿರ್ಯಾರು ಮಾಡಿಟ್ಟ ಪದ್ಧತಿ ಅದು. ಲಾಭ ಅಂದ್ರ ಹೆಂಗಿದ್ರೂ ದೇವರ ಪಾಲಲ್ರಿ?"

ಬಾಳಪ್ಪಣ್ಣ ಪಕ್ಕಕ್ಕೆ ಸರಿದು, ಕಲ್ಲಿನ ಮೇಲೆ ನನಗೆ ಜಾಗ ಮಾಡಿಕೊಟ್ಟ.