ನೂರು ಡಿಜೆಗಳು ಮತ್ತು ನಮ್ಮ ಅತ್ತೆ

ನಾನು ಗಣಿತದ ಮೇಷ್ಟ್ರು. ಯಾರ ತಂಟೆಗೂ ಹೋಗುವವನಲ್ಲ. ಆದರೂ ವರ್ಷಕ್ಕೊಮ್ಮೆ ಡಿಜೆಗಳ ಪಟ್ಟಿ ಬರುವ ಹೊತ್ತಿಗೆ ಏನಾದರೊಂದು ನಡೆದೇ ತೀರುತ್ತದೆ. ತಡೆಯಲು ನೋಡಿ ದಣಿದಿದ್ದೇನೆ. ಈಗ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುವುದಷ್ಟೇ ನನ್ನ ಕೆಲಸ.

ಡಿಜೆ ಎಂದರೆ ಯಂತ್ರದಲ್ಲಿ ತಾಳ, ನಾದ ಕೂಡಿಸಿ, ಒಂದು ಮುಗಿಯುವ ಮುನ್ನ ಇನ್ನೊಂದನ್ನು ಬೆಸೆದು ಗಂಟೆಗಟ್ಟಲೆ ನುಡಿಸುವವರು. ವಿದೇಶದ ಒಂದು ಪತ್ರಿಕೆ ಪ್ರತಿ ವರ್ಷ ಓದುಗರ ಓಟು ಪಡೆದು ಇಂಥ ನೂರು ಮಂದಿಯನ್ನು ಒಂದರಿಂದ ನೂರರವರೆಗೆ ಸಾಲಾಗಿ ನಿಲ್ಲಿಸುತ್ತದೆ. ಅವರ ಹೆಸರುಗಳಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ತಪ್ಪಾಗಿ ಹೆಸರು ಹೇಳುವುದಕ್ಕಿಂತ ಸರಿಯಾಗಿ ಸಂಖ್ಯೆ ಹೇಳುವುದು ಮೇಲೆಂದು ನಾನು ಅವರನ್ನು ಮೂರನೆಯವರು, ಹತ್ತೊಂಬತ್ತನೆಯವರು ಎಂದೇ ಕರೆಯುತ್ತೇನೆ.

೧. ಮಾತಿಲ್ಲದ್ದು

ನನ್ನಾಕೆ ತೀರಿಕೊಂಡ ವರ್ಷ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಮನೆ ಬದಲಿಸಿದೆ. ಸಂಜೆ ಶಾಲೆಯಿಂದ ಬಂದರೆ ಮನೆ ತೀರಾ ಸುಮ್ಮನಿರುತ್ತಿತ್ತು. ರೇಡಿಯೊ ಹಾಕಿದರೆ ಬರುವ ಪ್ರತಿ ಹಾಡಿನಲ್ಲೂ ಆಕೆ ಗುನುಗುತ್ತಿದ್ದ ಸಾಲು ಒಂದಾದರೂ ಇರುತ್ತಿತ್ತು. ಕೊನೆಗೆ ಬಸ್ ನಿಲ್ದಾಣದ ಹತ್ತಿರದ ಕ್ಯಾಸೆಟ್ ಅಂಗಡಿಗೆ ಹೋಗಿ, "ಮಾತಿಲ್ಲದ್ದು ಏನಾದರೂ ಇದೆಯೇ?" ಎಂದು ಕೇಳಿದೆ.

ಅಂಗಡಿಯವರು ಕೊಳಲಿನದೊಂದು ಕೊಟ್ಟರು. ಮಾರನೆಯ ದಿನ ವಾಪಸು ತಂದೆ.

"ಯಾಕ್ ಸಾರ್? ಇದ್ರಾಗೆ ಮಾತೇ ಇಲ್ವಲ್ಲ."

"ಸಿನಿಮಾ ಹಾಡನ್ನೇ ನುಡಿಸಿದ್ದಾರೆ. ಮಾತು ತಾನಾಗಿ ನೆನಪಾಗುತ್ತದೆ."

ವೀಣೆ ಕೊಟ್ಟರು. ಅದೂ ವಾಪಸು ಬಂತು.

"ಇದಕ್ಕೇನಾತು ಸಾರ್?"

"ಕೀರ್ತನೆಗಳು. ನನಗೆ ಸಾಹಿತ್ಯ ಬರುತ್ತದೆ."

ಅವರು ಸ್ಟೂಲು ಹತ್ತಿ ಮೇಲಿನ ಅಟ್ಟದಿಂದ ಧೂಳು ಹಿಡಿದ ಮೂರು ಕ್ಯಾಸೆಟ್ಟು ಇಳಿಸಿದರು. ಒಳಗೆ ಮಡಿಸಿಟ್ಟ ಜೆರಾಕ್ಸ್ ಹಾಳೆಯೊಂದಿತ್ತು. ಆ ವರ್ಷದ ಪಟ್ಟಿ. "ಬೆಂಗಳೂರಿನ ಸಗಟು ಅಂಗಡಿಯೋರು ಬೇರೆ ಮಾಲಿನ ಜೊತೆ ಕಳಿಸ್ತಾರೆ. ಈ ಪಟ್ಟಿಯಾಗೆ ಹೆಸರು ಇರೋರದ್ದು ಮಾತ್ರ ಬರೋದು. ಮೂರು ಜನ ತಗಂಡು ಹೋಗಿ ಮೂರು ಜನಾನೂ ಅದೇ ದಿನ ತಂದು ಕೊಟ್ಟವ್ರೆ. ಆಮೇಲೆ ನನ್ನ ಬೈಬೇಡ್ರಿ."

ನಾನು ವಾಪಸು ಕೊಡಲಿಲ್ಲ. ಹತ್ತು ದಿನ ನೋಡಿ ಅಂಗಡಿಯವರೇ ನನ್ನನ್ನು ಬೀದಿಯಲ್ಲಿ ತಡೆದರು.

"ಸಾರ್, ಟೇಪ್ ರೆಕಾರ್ಡರ್ ಕೆಟ್ಟೈತಾ?"

"ಇಲ್ಲ, ಚೆನ್ನಾಗಿದೆ."

"ಕ್ಯಾಸೆಟ್ಟು?"

"ಅದೂ ಚೆನ್ನಾಗಿದೆ. ದಿನಾ ಕೇಳುತ್ತಿದ್ದೇನೆ."

ಅವರು ದನಿ ತಗ್ಗಿಸಿ, "ಸಾರ್, ಮನೇಲಿ ಯಾರನ್ನಾದ್ರೂ ಜೊತೆಗೆ ಇಟ್ಕೊಳ್ರಿ" ಎಂದರು.

೨. ಮಗ್ಗದ ಕಿವಿ

ನಮ್ಮ ಅತ್ತೆ, ಅಂದರೆ ನನ್ನಾಕೆಯ ತಾಯಿ, ಮೊಳಕಾಲ್ಮೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು. ನನ್ನಾಕೆಯೂ ಕೊನೆಯವರೆಗೆ ಅದೇ ಮಗ್ಗದಲ್ಲಿ ನೇಯುತ್ತಿದ್ದಳು. ಈಗ ಅತ್ತೆಗೆ ಮಂಡಿ ಹಿಡಿದು, ಮಗ್ಗದ ಗುಂಡಿಗೆ ಕಾಲಿಳಿಸಲು ಆಗುವುದಿಲ್ಲ. ಬೇರೆಯವರ ನೂಲು ಬಿಡಿಸಿಕೊಡುತ್ತಾರೆ. ಅವರ ಬೀದಿಯಲ್ಲಿ ನಡೆದು ಹೋಗುವಾಗ ಒಳಗಿನ ಸದ್ದು ಕೇಳಿಯೇ ಯಾವ ಮನೆಯಲ್ಲಿ ಯಾರು ಮಗ್ಗಕ್ಕೆ ಕೂತಿದ್ದಾರೆ, ಯಾರಿಗೆ ಇವತ್ತು ಸಿಟ್ಟಿದೆ ಎಂದು ಹೇಳಬಲ್ಲರು.

ಭಾನುವಾರ ಅವರನ್ನು ನೋಡಲು ಹೋಗುವಾಗ ಟೇಪ್ ರೆಕಾರ್ಡರನ್ನೂ ಒಯ್ದೆ. ಮೊದಲನೆಯವರನ್ನು ಹಾಕಿದೆ. ಅತ್ತೆ ನೂಲಿನಿಂದ ಕಣ್ಣೆತ್ತಲಿಲ್ಲ.

"ಮೇಷ್ಟ್ರೇ, ಇವನು ನೇಯಾಕೆ ಕುಂತಿಲ್ಲ. ನೋಡೋರು ಬಂದಾರೆ ಅಂತ ಕುಂತವ್ನೆ."

"ಇವರಿಗೆ ಇಡೀ ಪ್ರಪಂಚದಲ್ಲಿ ಮೊದಲನೆಯ ಸ್ಥಾನ."

"ಸರೇ. ಮುಂದಿನೋನ್ನ ಹಾಕ್ರಿ."

ಹನ್ನೆರಡನೆಯವರನ್ನು ಹಾಕಿದೆ.

"ಕೈ ಓಡ್ತೈತೆ, ಕಾಲು ನಿದ್ದೆ ಮಾಡ್ತೈತೆ. ನೂಲು ಹರಿದು ಆಗ್ಲೇ ನಾಕು ಏಟಾತು, ಇವನಿಗೆ ಗೊತ್ತೇ ಆಗಿಲ್ಲ."

ಎಪ್ಪತ್ತೊಂದನೆಯವರನ್ನು ಹಾಕಿದಾಗ ಅತ್ತೆಯ ಬೆರಳು ನಿಂತಿತು. ಕಾರಣ ನನಗೆ ಗೊತ್ತಿತ್ತು. ನನ್ನಾಕೆ ಮಗ್ಗದ ಹದಿನಾರು ಏಟಿಗೊಮ್ಮೆ ಸೀರೆಯ ಅಂಚು ನೋಡಲು ಅರೆಕ್ಷಣ ತಡೆಯುತ್ತಿದ್ದಳು. ಎಪ್ಪತ್ತೊಂದನೆಯವರೂ ಹದಿನಾರಕ್ಕೊಮ್ಮೆ ತಡೆಯುತ್ತಾರೆ. ನಾನು ಗಡಿಯಾರ ಹಿಡಿದು ಎಣಿಸಿದ್ದೇನೆ. ಎಲ್ಲಿಯ ಮನುಷ್ಯನೋ, ಏತಕ್ಕೆ ತಡೆಯುತ್ತಾನೋ.

ಆ ಬದಿ ಮುಗಿದು ಟೇಪ್ ರೆಕಾರ್ಡರಿನ ಗುಂಡಿ ಟಪ್ ಎಂದು ಮೇಲೆದ್ದ ಮೇಲೆ ಅತ್ತೆ ಕೇಳಿದರು: "ಇವನು ಎಷ್ಟನೆಯೋನು?"

"ಎಪ್ಪತ್ತೊಂದು."

ಅವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಓದು ಬರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿ, ನನಗೇ ಕೊಟ್ಟರು. "ನೀವು ತಿರುವಿ ಹಿಡಕಂಡೀರಿ ಮೇಷ್ಟ್ರೇ. ಇದನ್ನ ಕೆಳಗಿಂದ ಓದಬೇಕು."

೩. ಹೆಚ್ಚಿಗೆ ಒಬ್ಬರು

ಪಟ್ಟಿಯನ್ನು ನಾನು ಸುಮ್ಮನೆ ಓದುವುದಿಲ್ಲ. ಕೆಂಪು ಪೆನ್ನು ಹಿಡಿದು ಓದುತ್ತೇನೆ. ಆ ವರ್ಷ ನಲವತ್ತಮೂರು ಎಂಬ ಸಂಖ್ಯೆಯನ್ನು ಎರಡು ಸಲ ಅಚ್ಚು ಹಾಕಿದ್ದರು. ಅಂದರೆ ನೂರು ಎಂದು ಹೇಳಿ ನೂರಾ ಒಂದು ಮಂದಿಯನ್ನು ಸೇರಿಸಿದ್ದರು. ಮೂರು ಸಲ ಎಣಿಸಿ ಖಚಿತಪಡಿಸಿಕೊಂಡು, ಪತ್ರಿಕೆಯವರಿಗೆ ಕಾಗದ ಬರೆದೆ. ನನಗೆ ಬೇಕಾದ ಎಪ್ಪತ್ತೊಂದನೆಯವರು ಹೀಗಾಗಿ ವಾಸ್ತವದಲ್ಲಿ ಎಪ್ಪತ್ತೆರಡನೆಯವರೆಂದೂ, ಸತ್ಯ ಮುಚ್ಚಿಡಲಾಗದೆಂದೂ ಸೇರಿಸಿದೆ.

ನಾಲ್ಕು ತಿಂಗಳಿಗೆ ಉತ್ತರ ಬಂತು. ತಪ್ಪು ತೋರಿಸಿದ್ದಕ್ಕೆ ಧನ್ಯವಾದ, ಇನ್ನು ಮುಂದೆ ನೂರಕ್ಕಿಂತ ಒಬ್ಬರೂ ಹೆಚ್ಚಾಗದಂತೆ ನೋಡಿಕೊಳ್ಳುತ್ತೇವೆ ಎಂದು. ಅದನ್ನು ಅತ್ತೆಗೆ ಓದಿ ಹೇಳಿದೆ. ಶಾಲೆಯ ಸಿಬ್ಬಂದಿ ಕೋಣೆಯಲ್ಲೂ ತೋರಿಸಿದೆ. ವರ್ಷಗಳ ಮೇಲೆ ನನಗೆ ಒಂದು ಕೆಲಸ ಪೂರ್ತಿಯಾದಂತೆ ಅನ್ನಿಸಿತ್ತು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಒಳಗೆ ಬಂದರು. "ಮೇಷ್ಟ್ರೇ, ಹತ್ತನೇ ಕ್ಲಾಸಿನ ಪರೀಕ್ಷೆ ಪಟ್ಟಿಯಾಗೆ ಒಬ್ಬ ಹುಡುಗಿ ಹೆಸರೇ ಬಿಟ್ಟೀರಲ್ಲ. ಅವರಪ್ಪ ತಳಕು ಊರಿನಿಂದ ಬಂದು ಹೊರಗೆ ಕುಂತಾರೆ."

ನಮ್ಮ ದೈಹಿಕ ಶಿಕ್ಷಕರು ಪೇಪರಿನಿಂದ ತಲೆಯೆತ್ತಿ, "ಅಲ್ಲಿ ಒಬ್ರು ಹೆಚ್ಚಿಗೆ ಇದ್ರು, ಇಲ್ಲಿ ಒಬ್ರು ಕಡಿಮೆ ಆದ್ರು. ಲೆಕ್ಕ ಸರಿಯಾಗೈತೆ ಬಿಡ್ರಿ" ಎಂದರು.

೪. ಅಭಿಮಾನಿಯ ಅಭಿಪ್ರಾಯ

ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯಗಳು ಹೆಚ್ಚಿಲ್ಲ. ಮೊದಲ ಐದು ಮಂದಿ ವರ್ಷವರ್ಷವೂ ಅವರೇ. ಮನೆಯವರೇ ಕುರ್ಚಿ ಬದಲಿಸಿ ಕೂತಂತೆ. ನಿಜವಾದ ಕೆಲಸ ನಡೆಯುವುದು ಅರವತ್ತರ ನಂತರ. ಇನ್ನು ಒಂದೇ ವರ್ಷದಲ್ಲಿ ಐವತ್ತೆಂಟರಿಂದ ಒಂಬತ್ತಕ್ಕೆ ಏರಿದವರೊಬ್ಬರಿದ್ದಾರೆ. ಅವರನ್ನು ಒಮ್ಮೆ ಕರೆಸಿ ಮಾತಾಡಿಸಬೇಕು. ಪಕ್ಕದವರ ಹಾಳೆ ನೋಡದೆ ಹಾಗಾಗುವುದಿಲ್ಲ.

ದೊಡ್ಡ ಆಕ್ಷೇಪಣೆ ಬೇರೆಯದು. ಪರೀಕ್ಷೆಯಿಲ್ಲದೆ ರ‍್ಯಾಂಕು ಹೇಗೆ ಕೊಡುತ್ತಾರೆ? ಇದನ್ನು ದೈಹಿಕ ಶಿಕ್ಷಕರಲ್ಲಿ ಕೇಳಿದೆ.

"ಓಟು ರೀ, ಓಟು. ಜನಕ್ಕೆ ಯಾರು ಚೆನ್ನಾಗಿ ಅನ್ನಿಸ್ತಾರೋ ಅವರು."

ಅದನ್ನೂ ಪರೀಕ್ಷಿಸಿಬಿಡೋಣ ಎಂದು ಒಂಬತ್ತನೆಯ ತರಗತಿಯಲ್ಲಿ ಚೀಟಿ ಹಂಚಿದೆ. ಲೆಕ್ಕದಲ್ಲಿ ಯಾರು ಎಲ್ಲರಿಗಿಂತ ಮುಂದು, ಬರೆಯಿರಿ ಎಂದೆ. ತೊಂಬತ್ತೆಂಟು ಅಂಕದ ಹುಡುಗಿಗೆ ಒಂದು ಓಟು ಬಿತ್ತು, ಅಕ್ಷರ ಅವಳದೇ. ಹನ್ನೊಂದು ಅಂಕದ ಹುಡುಗನಿಗೆ ಮೂವತ್ತೆರಡು. ಕಾರಣ ಕೇಳಿದೆ. ಮೊದಲ ಬೆಂಚಿನವಳು ಎದ್ದು ನಿಂತಳು.

"ಅವನು ಬೋರ್ಡಿಗೆ ಹೋದ್ರೆ ನೀವು ಆ ಪೀರಿಯಡ್ಡೆಲ್ಲ ಅವನಿಗೇ ಹೇಳಿಕೊಡ್ತೀರ ಸಾರ್. ನಮ್ಮನ್ನ ಏನೂ ಕೇಳಲ್ಲ."

೫. ಓಟು

ಎರಡು ವರ್ಷದಲ್ಲಿ ಎಪ್ಪತ್ತೊಂದನೆಯವರು ತೊಂಬತ್ತಾರಕ್ಕೆ ಇಳಿದರು. ನನ್ನಲ್ಲಿದ್ದ ಅವರ ಕ್ಯಾಸೆಟ್ಟು ಸವೆದು, ಹದಿನಾರನೆಯ ಏಟಿನ ಹತ್ತಿರ ಸುಯ್ ಎನ್ನತೊಡಗಿತ್ತು. ಪಟ್ಟಿಯಿಂದ ಜಾರಿದರೆ ಹೊಸದು ಬರುವುದಿಲ್ಲ. "ನಾನೇನು ಮಾಡ್ಲಿ ಸಾರ್, ನೂರರೊಳಗೆ ಇಟ್ಕೊಳ್ರಿ ಅವರನ್ನ" ಎಂದರು ಅಂಗಡಿಯವರು, ಆ ಡಿಜೆ ನನ್ನ ತರಗತಿಯ ಹುಡುಗ ಎಂಬಂತೆ.

ಆ ವರ್ಷ ಚಳ್ಳಕೆರೆಯಲ್ಲಿ ಒಬ್ಬ ಹೆಂಗಸು ಇಂಟರ್‌ನೆಟ್ ಕೇಂದ್ರ ತೆರೆದಿದ್ದರು. ಅಲ್ಲಿಂದಲೇ ಓಟು ಹಾಕಬಹುದೆಂದು ತಿಳಿಯಿತು. ಒಬ್ಬರಿಗೆ ಒಂದು ಓಟು. ಐದು ಹೆಸರನ್ನು ಕ್ರಮವಾಗಿ ಬರೆಯಬೇಕು. ನಾನು ಜೀವಮಾನದಲ್ಲಿ ಮೊದಲ ಬಾರಿ ಪ್ರಚಾರಕ್ಕಿಳಿದೆ. ದೈಹಿಕ ಶಿಕ್ಷಕರು, ಕ್ಯಾಸೆಟ್ ಅಂಗಡಿಯವರು, ಕೇಂದ್ರದ ಒಡತಿ ಒಪ್ಪಿದರು. ಅತ್ತೆ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬಂದರು, ಮದುವೆಗೆ ಉಡುವ ಸೀರೆ ಉಟ್ಟು.

ಒಳಗೆ ಬಂದವರೇ ನಮ್ಮನ್ನೆಲ್ಲ ನೋಡಿದರು. "ಹೊರಗೆ ಹೋಗ್ರಿ. ಓಟು ಗುಟ್ಟಾಗಿ ಹಾಕಬೇಕು."

"ಅತ್ತೆ, ನಿಮಗೆ ಟೈಪು ಬರುವುದಿಲ್ಲ."

"ಈ ಹೆಣ್ಮಗಳಿಗೆ ಬರ್ತೈತಲ್ಲ. ಅವಳ ಕಿವಿಯಾಗೆ ಹೇಳ್ತೀನಿ."

ನಾವು ಮೂವರು ಗಂಡಸರು ಬಿಸಿಲಿನಲ್ಲಿ ನಿಂತೆವು. ಗಾಜಿನಾಚೆ ಅತ್ತೆ ಏನೋ ಹೇಳಿದರು, ಒಡತಿ ಕೈ ನಿಲ್ಲಿಸಿ ಅವರ ಮುಖ ನೋಡಿದರು, ಅತ್ತೆ ತಲೆಯಾಡಿಸಿದರು, ಒಡತಿ ಟೈಪು ಮಾಡಿದರು. ನಾವು ಒಳಗೆ ಹೋದಾಗ ಅತ್ತೆ ಎಡಗೈಯ ತೋರುಬೆರಳು ಮುಂದೆ ಚಾಚಿ ಕೂತಿದ್ದರು.

"ಮುಗಿಯಿತು ಅಮ್ಮಾ" ಎಂದರು ಒಡತಿ.

"ಎಲ್ಲಿ ಮುಗೀತು? ಶಾಯಿ ಹಾಕಿಲ್ಲ."

ಇಲ್ಲಿ ಶಾಯಿಯಿಲ್ಲವೆಂದು ನಾನು ವಿವರಿಸಿದೆ. ಹಾಗಾದರೆ ಈ ಓಟು ನಡೆಯುವುದಿಲ್ಲ, ಯಾರು ಬೇಕಾದರೂ ಎರಡು ಸಲ ಹಾಕಬಹುದು ಎಂದರು ಅತ್ತೆ. ಬೆರಳು ಇಳಿಸಲಿಲ್ಲ. ಒಡತಿ ಮೇಜಿನ ಖಾನೆಯಿಂದ ರಬ್ಬರ್ ಸ್ಟಾಂಪಿನ ಪ್ಯಾಡು ತೆಗೆದು, ಉಗುರಿಗೆ ಒತ್ತಿದರು. ಆಮೇಲೆ ಅತ್ತೆ ನಮ್ಮ ಕಡೆ ತಿರುಗಿದರು. ದೈಹಿಕ ಶಿಕ್ಷಕರು, ಅಂಗಡಿಯವರು, ನಾನು, ಕೊನೆಗೆ ಒಡತಿ, ಎಲ್ಲರೂ ಒಬ್ಬೊಬ್ಬರಾಗಿ ಗುಟ್ಟಾಗಿ ಓಟು ಹಾಕಿ, ಸಾಲಾಗಿ ಬೆರಳು ಕೊಟ್ಟೆವು. ಮಾರನೆಯ ದಿನ ಮುಖ್ಯೋಪಾಧ್ಯಾಯರು ನನ್ನ ಮತ್ತು ದೈಹಿಕ ಶಿಕ್ಷಕರ ಬೆರಳು ನೋಡಿ ಗಾಬರಿಯಾದರು. "ಎಲೆಕ್ಷನ್ ಯಾವಾಗಾತು? ನಮ್ಮ ಶಾಲೆಗೆ ಡ್ಯೂಟಿ ಆರ್ಡರೇ ಬರ್ಲಿಲ್ಲವಲ್ಲ."

೬. ಫಲಿತಾಂಶ

ಪಟ್ಟಿ ಬಂದ ದಿನ ಅಂಗಡಿಯಲ್ಲೇ ನಿಂತು ಕೆಳಗಿನಿಂದ ಓದಿದೆ. ಹೆಚ್ಚು ಓದಬೇಕಾಗಲಿಲ್ಲ. ಎಪ್ಪತ್ತೊಂದನೆಯವರು ನೂರನೆಯವರಾಗಿ ಉಳಿದಿದ್ದರು. ಎರಡು ವಾರಕ್ಕೆ ಅವರ ಹೊಸ ಕ್ಯಾಸೆಟ್ಟೂ ಬಂತು. ಆ ಭಾನುವಾರ ಎರಡನ್ನೂ ಅತ್ತೆಯ ಮನೆಗೆ ಒಯ್ದೆ.

"ನೂರನೆಯವರಾಗಿ ಉಳಿದುಕೊಂಡಿದ್ದಾರೆ" ಎಂದೆ.

"ಸರೇ, ಒಳ್ಳೇದಾತು. ನಮ್ಮ ಹುಡುಗಿ?"

ನನಗೆ ಅರ್ಥವಾಗಲಿಲ್ಲ. ಅತ್ತೆ ನೂಲು ಕೆಳಗಿಟ್ಟರು.

"ಮೊದಲನೇ ಜಾಗದಾಗೆ ಅವಳ ಹೆಸರು ಬರೆಸಿದ್ದೆ. ಎರಡನೇದು ಅವಂದು."

"ಅತ್ತೆ, ಅದು ಡಿಜೆಗಳ ಪಟ್ಟಿ."

"ಅವಳ ಥರ ಹೊಡೀತಾನೆ ಅಂತ ತಾನೇ ಅವನಿಗೆ ಓಟು ಹಾಕಿಸಿದ್ರಿ? ಹಂಗಾದ್ರೆ ಅವಳಿಗ್ಯಾಕೆ ಬ್ಯಾಡ?"

ಅ ಎಂಬುದು ಬ-ಗೆ ಸಮವಾದರೆ ಬ ಎಂಬುದು ಅ-ಗೆ ಸಮ. ಇದನ್ನು ನಾನೇ ಎಂಟನೆಯ ತರಗತಿಗೆ ಕಲಿಸುತ್ತೇನೆ.

"ಎಷ್ಟು ಓಟು ಬಿದ್ದಾವೆ ಅವಳಿಗೆ?"

"ಎರಡು."

"ನಾನು ಹಾಕಿದ್ದು ಒಂದೇ."

ನಾನು ಟೇಪ್ ರೆಕಾರ್ಡರಿನ ಬ್ಯಾಟರಿಗಳನ್ನು ತೆಗೆದು ಮತ್ತೆ ಹಾಕತೊಡಗಿದೆ. ಅತ್ತೆ ಎದ್ದು ಹೋಗಿ ಟೀ ತಂದಿಟ್ಟರು. ನಾವು ಹೊಸ ಕ್ಯಾಸೆಟ್ಟಿನ ಒಂದು ಬದಿಯನ್ನು ಪೂರ್ತಿ ಕೇಳಿದೆವು. ಹದಿನಾರಕ್ಕೊಮ್ಮೆ ತಡೆಯುವುದನ್ನು ಅವರು ಬಿಟ್ಟಿರಲಿಲ್ಲ.

"ಅವನು ನೂರು ಅಂದ್ರೆ, ಅವನ ಹಿಂದೆ ಅವಳು" ಎಂದರು ಅತ್ತೆ. "ಆವತ್ತೊಂದು ವರ್ಷ ನೂರಾ ಒಂದು ಮಂದೀನ ಹಾಕಿದ್ರಲ್ಲ?"

"ಅದು ಅಚ್ಚಿನ ತಪ್ಪು."

"ತಪ್ಪೋ ಒಪ್ಪೋ, ಒಂದು ಜಾಗ ಇತ್ತು. ಕಾಗದ ಬರೆದು ಅದನ್ನ ತೆಗೆಸಿದೋರು ಯಾರು?"

"ನಾನೇ."

"ಹಾಂ. ಈಗ ಇನ್ನೊಂದು ಬರೀರಿ. ಮೊದಲಿನಂಗೇ ತಪ್ಪು ಮಾಡ್ರಿ ಅಂತ."

ಅಂದೇ ಸಂಜೆ ಬರೆದೆ. ನಲವತ್ತಮೂರನ್ನು ಎರಡು ಸಲ ಅಚ್ಚು ಹಾಕಿದರೆ ಸಾಕು, ಬೇರೇನನ್ನೂ ಬದಲಿಸಬೇಕಾಗಿಲ್ಲ ಎಂದು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು ತಿಳಿಸಿದ್ದೇನೆ.